ಅಕ್ಕಯಮ್ಮನ ಮಳೆ ಸುದ್ದಿ

ಬೆಳಿಗ್ಗೆ ಆರೂಮುಕ್ಕಾಲಿಗೆ ಡೇರಿಯ ಕೊನೆಯ ಕ್ಯಾನಿಗೆ ಮುಚ್ಚಳ ಬಿದ್ದ ಮೇಲೆ ಅಕ್ಕಯಮ್ಮ ಸೆರಗಿಗೆ ಕೈ ಒರೆಸಿಕೊಂಡು ಫೋನನ್ನು ಬಾಯಿಯ ಹತ್ತಿರ ಹಿಡಿಯುತ್ತಾರೆ. ಊರಿನ ವಾಟ್ಸಾಪ್ ಗುಂಪಿನಲ್ಲಿರುವ ಎಲ್ಲ ಮನೆಗಳಿಗೂ ಅವರ ದನಿ ಹೋಗುತ್ತದೆ.

“ಎಲ್ರಿಗೂ ನಮಸ್ಕಾರ. ದೊಡ್ಡಬೆಳವಂಗಲದ ಕಡೆ ಮೋಡ ಇಲ್ಲ. ನಂದಿ ಬೆಟ್ಟದ ತಲೆ ಚೆನ್ನಾಗ್ ಕಾಣಿಸ್ತೈತಂತೆ. ಸೋಂಪುರದಲ್ಲಿ ನಿನ್ನೆ ಸಂಜೆ ನಾಲ್ಕು ಹನಿ ಬಿದ್ದು ಸುಮ್ಕಾಯ್ತಂತೆ. ಹಪ್ಪಳ ಇಡೋರು ಇಡ್ಬೋದು. ಸಂಜೆ ಹಾಲು ತರೋರು ಛತ್ರಿ ಮರೀಬೇಡಿ.”

ಇಷ್ಟೇ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ, ಡೇರಿಯಲ್ಲಿ ಕ್ಯಾನು ತೊಳೆಯುವ, ಅರವತ್ತೊಂದು ವರ್ಷದ ಹೆಂಗಸಿನ ಮಾತು. ಆದರೂ ನಮ್ಮೂರಲ್ಲಿ ಉಗಾದಿಯಿಂದ ಮುಂಗಾರಿನವರೆಗೆ ಈ ಮಾತು ಕೇಳದೆ ಯಾರೂ ಕಣದಲ್ಲಿ ಏನನ್ನೂ ಹರಡುವುದಿಲ್ಲ. ಫೋನಿನ ಹವಾಮಾನ ಇಡೀ ಜಿಲ್ಲೆಗೆ ಒಂದೇ ಮಾತು ಹೇಳುತ್ತದೆ: ಗುಡುಗು ಸಹಿತ ಮಳೆ, ಅಲ್ಲಲ್ಲಿ ಆಲಿಕಲ್ಲು. ಆ ‘ಅಲ್ಲಲ್ಲಿ’ ಎಂದರೆ ಎಲ್ಲಿ ಎಂದು ಹೇಳುವವರು ಅಕ್ಕಯಮ್ಮ.

ಅವರ ತಂದೆ ಲಕ್ಷ್ಮಯ್ಯನವರಿಗೆ ಐದು ಜನ ಹೆಣ್ಣುಮಕ್ಕಳು. ಹಿರಿಯವಳನ್ನು, ಎಂದರೆ ಅಕ್ಕಯಮ್ಮನನ್ನು, ದೊಡ್ಡಬಳ್ಳಾಪುರ ದೇವನಹಳ್ಳಿ ರಸ್ತೆಯ ನಮ್ಮೂರಿಗೆ ಕೊಟ್ಟರು. ಉಳಿದ ನಾಲ್ವರಲ್ಲಿ ಒಬ್ಬಳು ದೊಡ್ಡಬೆಳವಂಗಲಕ್ಕೆ, ಒಬ್ಬಳು ಸೋಂಪುರಕ್ಕೆ, ಒಬ್ಬಳು ನಂದಿ ಬೆಟ್ಟದ ತಪ್ಪಲಿಗೆ, ಕಿರಿಯವಳು ನಾಗಲಕ್ಷ್ಮಮ್ಮ ಬೂದಿಗೆರೆಗೆ. ಪಡುವಲು, ಬಡಗಲು, ಮೂಡಲು ಎಲ್ಲ ಕಡೆಗೂ ಮಗಳ ಮನೆ. ತೆಂಕಲಿಗೆ ಬೆಂಗಳೂರು. ಅಲ್ಲಿಯ ಮಳೆಯನ್ನು ಟೀವಿಯವರೇ ದಿನವಿಡೀ ತೋರಿಸುತ್ತಾರೆ, ಅದಕ್ಕೆ ತಂಗಿ ಬೇಕಿಲ್ಲ ಎನ್ನುತ್ತಾರೆ ಅಕ್ಕಯಮ್ಮ.

ಕೈಗೆ ಫೋನು ಬಂದ ಮೇಲೆ ಅವರು ದಿನವೂ ತಂಗಿಯರ ಜೊತೆ ಮಾತಾಡತೊಡಗಿದರು. ಊಟ ಆಯ್ತಾ ಎನ್ನುವುದಕ್ಕಿಂತ ಮೊದಲು ಮೋಡ ಎತ್ತಲಾಗೈತೆ ಎಂದು ಕೇಳುವುದು ಅಭ್ಯಾಸವಾಯಿತು. ಬೆಳವಂಗಲದಲ್ಲಿ ಹನಿ ಬಿದ್ದ ಹೊತ್ತು, ಇಲ್ಲಿ ಬಿದ್ದ ಹೊತ್ತು, ಎರಡನ್ನೂ ಡೇರಿಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದರು. ಮಳೆಗೆ ಒಂದು ಸೊನ್ನೆ, ಆಲಿಕಲ್ಲಿಗೆ ಕಪ್ಪು ತುಂಬಿದ ಸೊನ್ನೆ. ಆರು ವರ್ಷದ ಕ್ಯಾಲೆಂಡರುಗಳು ಅವರ ದೇವರ ಗೂಡಿನ ಕೆಳಗೆ ಸುರುಳಿ ಸುತ್ತಿ ಕುಳಿತಿವೆ. ಯಾವ ಊರಿನ ಮಳೆ ಎಷ್ಟು ನಿಮಿಷಕ್ಕೆ ನಮ್ಮೂರು ಮುಟ್ಟುತ್ತದೆ ಎನ್ನುವುದು ಅವರಿಗೆ ಬಾಯಿಪಾಠ.

ಡೇರಿ ಕಾರ್ಯದರ್ಶಿ ಕಾಂತರಾಜು ಇದಕ್ಕೆ ‘ನೆಂಟರ ರೇಡಿಯೋ’ ಎಂದು ಹೆಸರಿಟ್ಟಿದ್ದ. ಅವನ ಬಾಯಿಗೆ ಬೀಗವಿಲ್ಲ. ಆದರೆ ಹೋದ ವರ್ಷ ಅವನು ಆಡಿದ ಒಂದು ಮಾತು ಅಕ್ಕಯಮ್ಮನ ಎದೆಗೆ ನಾಟಿತು.

“ಅಕ್ಕಯಮ್ನೋರೇ, ನಿಮ್ ರೇಡಿಯೋಗೆ ಮೂಡಲ ಕಡೆ ಟವರ್ ಇಲ್ವಾ?”

ಟವರ್ ಇರಲಿಲ್ಲ. ಬೂದಿಗೆರೆಯ ನಾಗಲಕ್ಷ್ಮಮ್ಮನ ಜೊತೆ ಅವರಿಗೆ ಮಾತು ನಿಂತು ಆಗ ಒಂದು ವರ್ಷವಾಗುತ್ತ ಬಂದಿತ್ತು. ನಾಗಲಕ್ಷ್ಮಮ್ಮನ ಮಗ ಜಯಕುಮಾರ್ ಹೊಸ ಮನೆ ಕಟ್ಟಿ ಗೃಹಪ್ರವೇಶ ಮಾಡಿದಾಗ ಮನೆಗೆ ಬಂದು ಅರಿಶಿನ ಕುಂಕುಮ ಕೊಟ್ಟು ಕರೆಯಲಿಲ್ಲ. ಫೋನಿನಲ್ಲಿ ಒಂದು ಪತ್ರಿಕೆಯ ಫೋಟೋ ಬಂತು, ಅಷ್ಟೇ. ತೌರಿನ ಹಿರಿಯಕ್ಕನನ್ನು ಹೀಗೆ ಕರೆಯುತ್ತಾರೆಯೇ ಎಂದು ಅಕ್ಕಯಮ್ಮ ಹೋಗಲಿಲ್ಲ. ಅಕ್ಕ ಬರಲಿಲ್ಲವೆಂದು ತಂಗಿ ಫೋನು ಮಾಡಲಿಲ್ಲ. ಮೂಡಲ ಬಾಗಿಲು ಹೀಗೆ ಮುಚ್ಚಿತು.

ಹೋದ ವರ್ಷ ಏಪ್ರಿಲ್‌ನಲ್ಲಿ ಆಲಿಕಲ್ಲು ಅದೇ ಬಾಗಿಲಿನಿಂದ ಬಂತು. ಆವತ್ತು ಬೆಳಿಗ್ಗೆ ಅಕ್ಕಯಮ್ಮ “ಇವತ್ತು ನಿಶ್ಚಿಂತೆ” ಎಂದಿದ್ದರು. ಮಧ್ಯಾಹ್ನ ಹತ್ತೇ ನಿಮಿಷದಲ್ಲಿ ಪಕ್ಕದ ಮನೆಯ ಅರುಣಾಳ ಹಿಪ್ಪುನೇರಳೆ ತೋಟದಲ್ಲಿ ಒಂದು ಇಡೀ ಎಲೆ ಉಳಿಯಲಿಲ್ಲ. ರೇಷ್ಮೆ ಹುಳು ಸಾಕುವವರಿಗೆ ಕೊನೆಯ ದಿನಗಳೇ ಕಷ್ಟದ ದಿನಗಳು. ಗೂಡು ಕಟ್ಟುವ ಮುಂಚೆ ಹುಳುವಿಗೆ ಎಲ್ಲಿಲ್ಲದ ಹಸಿವು, ಆಗ ಒಂದು ಹೊತ್ತು ಸೊಪ್ಪು ತಪ್ಪುವಂತಿಲ್ಲ. ನೆಂದು ಹರಿದ ಸೊಪ್ಪು ಕೊಟ್ಟರೆ ರೋಗ, ಕೊಡದಿದ್ದರೆ ಉಪವಾಸ. ಅರುಣಾ ಹರಿದ ಸೊಪ್ಪನ್ನೇ ಬಟ್ಟೆಯಲ್ಲಿ ಒರೆಸಿ ಕೊಟ್ಟು ನೋಡಿದಳು. ಮೂರನೇ ದಿನ ಹುಳುವನ್ನೆಲ್ಲ ಗುಂಡಿ ತೆಗೆದು ಮುಚ್ಚಿದಳು.

“ನೀನೇನ್ ಮಾಡ್ತೀಯ ಬಿಡು ದೊಡ್ಡಮ್ಮ” ಎಂದಿದ್ದಳು ಅವಳು. ಅಕ್ಕಯಮ್ಮನಿಗೆ ಮಾತ್ರ ಬಿಡಲಾಗಲಿಲ್ಲ.

ಈ ವರ್ಷ ಉಗಾದಿ ಕಳೆದ ಮೇಲೆ ಅರುಣಾ ಮತ್ತೆ ನೂರೈವತ್ತು ಮೊಟ್ಟೆಯ ಹುಳು ತಂದಳು. ಹುಳು ಸಾಕುವವರ ಲೆಕ್ಕದಲ್ಲಿ ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟ ನಾನೂರು ಚಿಲ್ಲರೆ ಮೊಟ್ಟೆ. ಅವಳ ಗಂಡ ಶಶಿಕುಮಾರ್‌ಗೆ ಮನಸ್ಸಿರಲಿಲ್ಲ. ಗೋಡೌನು ಕಟ್ಟುವವರು ತೋಟದ ಜಾಗ ಕೇಳುತ್ತಿದ್ದರು. “ಇದೇ ಕೊನೆ. ಈ ಬೆಳೆನೂ ಹೋದ್ರೆ ತೋಟ ಕೀಳಿಸ್ಬಿಡ್ತೀನಿ, ಆಮೇಲೆ ಅಳ್ಬಾರ್ದು” ಎಂದು ಹೆಂಡತಿಗೆ ಎಲ್ಲರೆದುರೇ ಹೇಳಿದ. ಅತ್ತೆ ಮನೆಗೆ ಬಂದ ವರ್ಷ ಅರುಣಾ ಸ್ವಂತ ಕೈಯಿಂದ ಕಡ್ಡಿ ನೆಟ್ಟ ತೋಟ ಅದು.

ಹುಳು ಬಂದ ದಿನವೇ ಅಕ್ಕಯಮ್ಮ ದೇವರಿಗೆ ದೀಪ ಹಚ್ಚಿ, ಒಂದು ಚೀಲದಲ್ಲಿ ಹುರಿಗಾಳು ಕಟ್ಟಿಕೊಂಡು, ಎರಡು ಬಸ್ಸು ಬದಲಾಯಿಸಿ ಬೂದಿಗೆರೆಗೆ ಹೋದರು.

ನಾಗಲಕ್ಷ್ಮಮ್ಮ ಬಾಗಿಲಲ್ಲೇ ನಿಂತು ಕೇಳಿದರು, “ಏನಕ್ಕಾ, ಎರಡು ವರ್ಷಕ್ಕೆ ದಾರಿ ಸಿಕ್ತಾ?”

“ಬಸ್ಸಿಗೆ ಗೊತ್ತಿತ್ತು ಕಣೇ ದಾರಿ.”

“ಮನೆ ನೋಡೋಕ್ ಬಂದ್ಯಾ?”

“ಇಲ್ಲ. ನಿನ್ನ ಮೋಡ ನೋಡೋಕ್ ಬಂದೆ.”

ನಾಗಲಕ್ಷ್ಮಮ್ಮ ನಗಲಿಲ್ಲ. ನೀರಿನ ಲೋಟವನ್ನು ಟಕ್ಕೆಂದು ಮುಂದಿಟ್ಟರು. ಅಕ್ಕಯಮ್ಮ ನೀರು ಕುಡಿದು, ಮನಸ್ಸಿನಲ್ಲಿದ್ದುದನ್ನು ಆಡಿಯೇಬಿಟ್ಟರು. “ಒಂದು ಚಿಟಿಕೆ ಕುಂಕುಮ ತಂದು ಕರೆಯೋಕ್ ಆಗ್ಲಿಲ್ವೇನೆ ನಿಂಗೆ? ಫೋಟೋ ಕಳಿಸ್ತೀಯಾ?”

“ಮೊಣಕಾಲು ಆಪರೇಷನ್ ಆಗಿ ಮಲಗಿದ್ದೆ ನಾನು. ಗೃಹಪ್ರವೇಶದ ದಿನಾನೂ ಕುರ್ಚೀಲೇ ಕೂರಿಸಿದ್ರು. ಎಲ್ಲಾ ಊರ ಮೋಡ ವಿಚಾರಿಸ್ತೀಯ, ತಂಗಿ ಮೊಣಕಾಲು ವಿಚಾರಿಸ್ಲಿಲ್ಲ ನೀನು.”

ಅಕ್ಕಯಮ್ಮನಿಗೆ ಇದು ಗೊತ್ತಿರಲಿಲ್ಲ. ಬೂದಿಗೆರೆಯ ಹೆಸರೆತ್ತಿದರೆ ಫೋನಿಟ್ಟುಬಿಡುತ್ತಿದ್ದ ಅವರಿಗೆ ಉಳಿದ ತಂಗಿಯರೂ ಹೇಳಿರಲಿಲ್ಲ. ಎರಡು ವರ್ಷದ ಕೋಪ ಆ ಜಗಲಿಯ ಮೇಲೆ ಎಲ್ಲಿ ಇಳಿದುಹೋಯಿತೋ ಅವರಿಗೇ ತಿಳಿಯಲಿಲ್ಲವಂತೆ. ತಂಗಿಯ ಮೊಣಕಾಲಿನತ್ತ ಬಗ್ಗಿ ನೋಡಿ ಕೇಳಿದರು, “ಈಗ ಹೆಂಗೈತೆ?”

“ಮೆಟ್ಲು ಹತ್ತುವಾಗ ಜೀವ ತಿಂತೈತೆ. ಬಾ, ಮೇಲಕ್ಕೆ ಹೋಗಣ.”

ಒಬ್ಬರ ಕೈ ಒಬ್ಬರು ಹಿಡಿದು ಮೂರು ಅಂತಸ್ತು ಹತ್ತಿದರು. ತಾರಸಿಯಿಂದ ಹೊಸಕೋಟೆಯ ಕಡೆಯ ಆಕಾಶವೆಲ್ಲ ಕಾಣುತ್ತಿತ್ತು. ಅರುಣಾಳ ಕಥೆಯನ್ನು ಅಕ್ಕಯಮ್ಮ ಅಲ್ಲೇ ನಿಂತು ಹೇಳಿದರು. ಎಲ್ಲ ಕೇಳಿದ ತಂಗಿ, “ಬರೀ ಮಳೆ ಆದ್ರೂ ಫೋನ್ ಮಾಡ್ಲಾ, ಕಲ್ಲು ಬಿದ್ರೆ ಮಾತ್ರಾನಾ?” ಎಂದು ಕೇಳಿದರು. ಅಕ್ಕಯಮ್ಮನಿಗೆ ಬಂದ ಕೆಲಸ ಆಯಿತು ಎನ್ನಿಸಿತು.

ಹುಳು ತಂದ ಹದಿನಾರನೇ ದಿನ. ಅರುಣಾಳ ಹುಳುಗಳು ಕಿರುಬೆರಳಿನ ಉದ್ದ ಬೆಳೆದಿದ್ದವು. ಇನ್ನು ಒಂದೂವರೆ ದಿನ, ನಾಲ್ಕು ಹೊತ್ತಿನ ಸೊಪ್ಪು ಕೊಟ್ಟರೆ ಗೂಡು ಕಟ್ಟುವ ಹದ. ತೋಟದಲ್ಲಿ ಇಪ್ಪತ್ತೆರಡು ಸಾಲು ಸೊಪ್ಪು ಉಳಿದಿತ್ತು, ಲೆಕ್ಕಕ್ಕೆ ಸರಿಯಾಗಿ. ಸುತ್ತಲಿನ ತೋಟಗಳಲ್ಲಿ ಸೊಪ್ಪು ಮುಗಿದಿದ್ದರಿಂದ ಕೇಳಿ ತರಲು ಬೇರೆ ಕಡೆ ಇರಲಿಲ್ಲ. ಬೆಳಿಗ್ಗೆಯಿಂದ ಆಕಾಶ ತೊಳೆದಿಟ್ಟಂತಿತ್ತು.

ಮಧ್ಯಾಹ್ನ ಎರಡು ಇಪ್ಪತ್ತಕ್ಕೆ ಅಕ್ಕಯಮ್ಮನ ಫೋನು ಹೊಡೆದುಕೊಂಡಿತು. ಆ ಕಡೆ ತಗಡಿನ ಮೇಲೆ ಯಾರೋ ಕಲ್ಲು ಸುರಿದಂಥ ಸದ್ದು. ಅದರ ನಡುವೆ ತಂಗಿಯ ಕೂಗು.

“ಅಕ್ಕಾ! ಮಳೆ ಜೊತೆ ಕಲ್ಲು! ಗೋಲಿ ಗಾತ್ರ ಐತೆ!”

“ತೆಂಗಿನ ಗರಿ ಯಾವ ಕಡೆ ಬಾಗೈತೆ, ನೋಡಿ ಹೇಳು.”

“ನಿಮ್ಮ ಕಡೆಗೇ ಕಣಕ್ಕಾ! ದೇವನಹಳ್ಳಿ ದಿಕ್ಕಿಗೆ!”

ಹಳೆಯ ಕ್ಯಾಲೆಂಡರುಗಳ ಲೆಕ್ಕದಲ್ಲಿ ಬೂದಿಗೆರೆಯಿಂದ ಇಲ್ಲಿಗೆ ಒಂದು ಗಂಟೆ. ಹೆಚ್ಚೆಂದರೆ ಕಾಲು ಗಂಟೆ ಆಚೀಚೆ. ಅಕ್ಕಯಮ್ಮ ಓಡುತ್ತಲೇ ಗುಂಪಿಗೆ ಮಾತು ಕಳಿಸಿದರು. “ಮೂರೂಕಾಲಿನ ಮೇಲೆ ಮೂಡಲಿಂದ ಆಲಿಕಲ್ಲು ಬತ್ತೈತೆ. ದನ ಒಳಕ್ ಕಟ್ಟಿ. ಕುಡುಗೋಲು ಇರೋರು ಅರುಣನ ತೋಟಕ್ಕೆ ಬನ್ನಿ, ಕೈ ಮುಗೀತೀನಿ.”

ತೋಟದ ಬದುವಿನ ಮೇಲೆ ಶಶಿಕುಮಾರ್ ಅಡ್ಡ ನಿಂತಿದ್ದ. “ದೊಡ್ಡಮ್ಮ, ಸುಡೋ ಬಿಸಿಲಲ್ಲಿ ಯಾರಾದ್ರೂ ಸೊಪ್ಪು ಕೊಯ್ತಾರಾ? ಅರ್ಧ ಗಂಟೇಲಿ ಬಾಡ್ಹೋಗ್ತದೆ. ಬಾಡಿದ್ ಸೊಪ್ಪು ತಿಂದ್ರೆ ಗೂಡು ಹತ್ತಿ ಥರ ಮೆತ್ತಗಾಗ್ತದೆ. ನೋಡಿ ಮೇಲೆ, ಒಂದು ತುಂಡು ಮೋಡ ಐತಾ?”

ಅವನು ಹೇಳಿದ್ದು ಸುಳ್ಳಲ್ಲ. ತಂಪು ಹೊತ್ತಿನಲ್ಲಲ್ಲದೆ ಸೊಪ್ಪು ಕೊಯ್ಯಬಾರದೆನ್ನುವುದು ಹುಳು ಸಾಕುವ ಪ್ರತಿ ಮನೆಯ ಕಟ್ಟಳೆ. ಕಲ್ಲು ಬರದಿದ್ದರೆ ತಮ್ಮ ಕೈಯಿಂದಲೇ ಬೆಳೆ ಕೆಡಿಸಿಕೊಂಡಂತೆ. ಅರುಣಾ ಆಕಾಶ ನೋಡಿದಳು, ಅಕ್ಕಯಮ್ಮನ ಮುಖ ನೋಡಿದಳು.

“ಯಾರು ಹೇಳಿದ್ದು ದೊಡ್ಡಮ್ಮ?”

“ಬೂದಿಗೆರೆ ತಂಗಿ.”

ಅರುಣಾ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಮೊದಲ ಸಾಲಿಗೆ ಕುಡುಗೋಲು ಹಾಕಿದಳು.

ಹದಿನೇಳು ಜನ ಬಂದರು. ಕಾಂತರಾಜು ಡೇರಿಗೆ ಬೀಗ ಹಾಕಿ, ಇದ್ದಬದ್ದ ಗೋಣಿಚೀಲಗಳನ್ನು ನೀರಲ್ಲಿ ಅದ್ದಿ ಹಿಂಡಿ ಗಾಡಿಯಲ್ಲಿ ಹೇರಿ ತಂದ. ಕಡ್ಡಿ ಸಮೇತ ಕೊಯ್ದ ಸೊಪ್ಪನ್ನು ಹೊರೆ ಕಟ್ಟಿದ ಕೂಡಲೇ ಗೋಣಿ ಸುತ್ತಿ ಸಾಗಿಸಿದರು. ಅರುಣಾಳ ಸೊಪ್ಪಿನ ಕೋಣೆ ತುಂಬಿದಾಗ ಪೂಜಾರಿ ಚಿನ್ನಸ್ವಾಮಿ ತಾವೇ ಬಂದು ಆಂಜನೇಯನ ಗುಡಿಯ ಕಲ್ಲು ಮಂಟಪ ತೆರೆದರು. ಆ ನೆಲ ಏಪ್ರಿಲ್‌ನಲ್ಲೂ ತಣ್ಣಗಿರುತ್ತದೆ. ಹೊರೆಗಳನ್ನು ದೇವರ ಮುಂದೆ ಸಾಲಾಗಿ ನಿಲ್ಲಿಸಿದರು. ಬೇಡವೆಂದು ನಿಂತಿದ್ದ ಶಶಿಕುಮಾರನೂ ಕೊನೆಯ ಆರು ಸಾಲಿಗೆ ಕೈ ಹಾಕಿದ.

ಮೂರು ಹದಿನೈದಾಯಿತು. ತೋಟ ಬೋಳಾಗಿತ್ತು. ಆಕಾಶದಲ್ಲಿ ಏನೂ ಇಲ್ಲ. ಮೂರು ಇಪ್ಪತ್ತೈದು. ಬಿಸಿಲು ಇನ್ನೂ ಚುರುಗುಟ್ಟುತ್ತಿತ್ತು.

ಕಾಂತರಾಜು ಬೆವರು ಒರೆಸಿಕೊಂಡ. “ಅಕ್ಕಯಮ್ನೋರೇ, ಮೋಡಕ್ಕೆ ದೇವನಹಳ್ಳೀಲಿ ಬಸ್ಸು ತಪ್ಪಿರ್ಬೇಕು.”

ಯಾರೋ ನಕ್ಕರು. ಅರುಣಾ ನಗಲಿಲ್ಲ. ಬೋಳು ಮೋಟುಗಳ ಮಧ್ಯೆ ಕುಡುಗೋಲು ಹಿಡಿದು ನಿಂತಿದ್ದಳು. ಅಕ್ಕಯಮ್ಮ ಕಣ್ಣು ಮುಚ್ಚಿಕೊಂಡಿದ್ದರು. ಆ ಹೊತ್ತಿನಲ್ಲಿ ದೇವರನ್ನು ಏನು ಕೇಳಿದಿರಿ ಎಂದು ಆಮೇಲೆ ವಿಚಾರಿಸಿದರೆ, ಕಲ್ಲು ಬೀಳಲಿ ಎಂದು ಹೇಗೆ ಕೇಳುವುದು, ಊರಿಗೆಲ್ಲ ನಷ್ಟವಲ್ಲವೇ, ಬೀಳಬೇಡ ಎಂದೂ ಕೇಳಲು ಬಾಯಿ ಬರಲಿಲ್ಲ, ನಿನ್ನ ಇಷ್ಟ ಎಂದು ಸುಮ್ಮನಾದೆ ಎಂದರು.

ಮೂರು ಮೂವತ್ತೆರಡಕ್ಕೆ ಬೆನ್ನಿಗೆ ತಣ್ಣನೆ ಗಾಳಿ ತಾಗಿತು. ತಿರುಗಿ ನೋಡಿದರೆ ನೀಲಗಿರಿ ತೋಪಿನ ಹಿಂದೆ ಮಸಿ ಬಳಿದಂತೆ ಕಪ್ಪು ಏಳುತ್ತಿತ್ತು. ಬಿಸಿಲು ಹಳದಿಯಾಯಿತು. ದಪ್ಪ ದಪ್ಪ ಹನಿ ಬಿದ್ದು ಮಣ್ಣು ಸಿಡಿಯಿತು. “ಓಡ್ರಪ್ಪೋ!” ಎಂದು ಕಾಂತರಾಜು ಕೂಗಿದ. ಎಲ್ಲರೂ ಹುಳು ಮನೆಯ ಸೂರಿನ ಕೆಳಗೆ ಸೇರುವಷ್ಟರಲ್ಲಿ ಮಳೆಯೊಳಗಿಂದ ಬಿಳಿ ಕಲ್ಲುಗಳು ಬಂದವು. ತಗಡಿನ ಸದ್ದು ಕಿವಿ ಕಿವುಡಾಗಿಸುವಂತಿತ್ತು. ಅಂಗಳ ಬೆಳ್ಳಗಾಯಿತು. ಬೋಳು ತೋಟದ ಮೇಲೆ ಆಲಿಕಲ್ಲು ಬಿದ್ದು ಪುಟಿದು ಬಿದ್ದು ಪುಟಿಯಿತು. ಹರಿಯಲು ಅಲ್ಲಿ ಒಂದು ಎಲೆಯೂ ಇರಲಿಲ್ಲ!

ಅರುಣಾ ಮೊದಲು ಕೂಗಿದಳು. ಅದು ಅಳುವೋ ನಗುವೋ ತಿಳಿಯಲಿಲ್ಲ. ಆಮೇಲೆ ಹದಿನೇಳು ಜನರೂ ಕೂಗಿದರು. ಕಾಂತರಾಜು ತಲೆಯ ಮೇಲೆ ಬಕೆಟ್ಟು ಕವುಚಿಕೊಂಡು ಅಂಗಳಕ್ಕೆ ಹಾರಿ, ಒಂದು ಕಲ್ಲನ್ನು ಎತ್ತಿ ಹಿಡಿದು ಕುಣಿದ. “ಗೋಲಿ ಅಂದಿದ್ರಲ್ಲಮ್ಮೋ! ನಿಂಬೆಹಣ್ಣು ಕಳಿಸವ್ರೆ ನಿಮ್ ತಂಗಿ!”

ಅಕ್ಕಯಮ್ಮ ಅದನ್ನು ನೋಡಲಿಲ್ಲ. ಒಂದು ಕಿವಿ ಮುಚ್ಚಿಕೊಂಡು, ಇನ್ನೊಂದಕ್ಕೆ ಫೋನು ಒತ್ತಿಕೊಂಡು ದೊಡ್ಡಬೆಳವಂಗಲದ ತಂಗಿಗೆ ಕೂಗಿ ಹೇಳುತ್ತಿದ್ದರು. “ಇಲ್ಲಿ ಬಿತ್ತು ಕಣೇ! ನಿಮ್ಮ ಕಡೆ ಹೊರಟೈತೆ, ದ್ರಾಕ್ಷಿಯೋರಿಗೆ ಹೇಳು, ಓಡು!”

ಹತ್ತು ನಿಮಿಷಕ್ಕೆ ಎಲ್ಲ ನಿಂತಿತು. ಅರುಣಾ ಹುಳುವಿಗೆ ಸೊಪ್ಪು ಹರಡಿದಳು. ಹತ್ತಾರು ಸಾವಿರ ಸಣ್ಣ ಬಾಯಿಗಳು ಒಟ್ಟಿಗೆ ಮೇಯುವಾಗ ಜಿನುಗು ಮಳೆಯಂಥದೇ ಸದ್ದಾಗುತ್ತದೆ. ಹೊರಗೆ ಆಕಾಶ ತಿಳಿಯಾದ ಮೇಲೂ ಒಳಗೆ ಆ ಮಳೆ ರಾತ್ರಿಯಿಡೀ ಸುರಿಯಿತು. ನಾಲ್ಕು ಹೊತ್ತಿಗೂ ಸೊಪ್ಪು ಸಾಕಾಯಿತು. ಗುಡಿಯಲ್ಲಿಟ್ಟಿದ್ದು ಕೊನೆಯ ಹೊರೆಯವರೆಗೂ ಬಾಡಲಿಲ್ಲ. ಮೂರನೇ ದಿನ ಬೆಳಿಗ್ಗೆ ಹುಳುಗಳು ಹಣ್ಣಾಗಿ, ಎಂದರೆ ನೂಲು ಬಿಡುವ ಹದಕ್ಕೆ ಬಂದು, ಹೊಳೆಯುತ್ತ ತಲೆ ಎತ್ತಿದವು. ಗೂಡು ಕಟ್ಟಲು ಇಡುವ ಬಿದಿರಿನ ಚಂದ್ರಿಕೆಗಳಿಗೆ ಅವನ್ನು ಆರಿಸಿ ಬಿಡಲು ಬೀದಿಯ ಹೆಂಗಸರೆಲ್ಲ ಸೇರಿದರು.

ಗೂಡು ಬಿಡಿಸಿದ ದಿನ ಒಂದೊಂದೂ ಗಟ್ಟಿಯಾಗಿ, ಕಿವಿಯ ಹತ್ತಿರ ಅಲ್ಲಾಡಿಸಿದರೆ ಟಕಟಕ ಎನ್ನುತ್ತಿತ್ತು. ಶಶಿಕುಮಾರ್ ಮಾರುಕಟ್ಟೆಯಿಂದ ಬಂದವನು ಗೋಡೌನಿನವರಿಗೆ ಫೋನು ಮಾಡಿ ಆಗಲ್ಲ ಎಂದ. ಮರುದಿನ ತಾನೇ ಗರಗಸ ಹಿಡಿದು ಕಲ್ಲೇಟು ತಿಂದ ಮೋಟುಗಳನ್ನು ಬುಡಕ್ಕೆ ಸವರಿ, ಗೊಬ್ಬರ ಹಾಕಿಸಿದ. ವಾರಕ್ಕೆ ಹಸಿರು ಚಿಗುರು ಕಾಣಿಸಿತು.

ಆಮೇಲೆ ಒಂದು ಬೆಳಿಗ್ಗೆ ಅವನು ಹಾಲು ಅಳೆಸಿ ಹೋಗದೆ ಡೇರಿಯ ಕಂಬ ಹಿಡಿದು ನಿಂತ.

“ದೊಡ್ಡಮ್ಮ, ಜೂನ್ ಕೊನೇಗೆ ಇನ್ನೂರು ಮೊಟ್ಟೆ ಇಡಣ ಅಂತಿದೀನಿ. ಆವಾಗ ಹೆಂಗಿರ್ತದೆ ಮಳೆ?”

“ಜೂನಾ?” ಅಕ್ಕಯಮ್ಮ ಕ್ಯಾನು ತೊಳೆಯುವುದನ್ನು ನಿಲ್ಲಿಸಿ ನಕ್ಕರು. “ಅಷ್ಟು ದೂರಕ್ಕೆ ನಂಗೆ ತಂಗೀರಿಲ್ಲ ಕಣಪ್ಪ.”

“ಸರಿ, ಇರೋರನ್ನೇ ಕೇಳ್ತಿರಿ” ಎಂದು ಶಶಿಕುಮಾರ್ ಗಾಡಿ ಸ್ಟಾರ್ಟ್ ಮಾಡಿದ. ಹುಳು ಮಾರುವವರಿಗೆ ಇನ್ನೂರು ಮೊಟ್ಟೆಗೇ ಹೇಳಿ ಬಂದ.