ಏರಿಯ ಮೇಲಿನ ಕೂಗು

ಮಧ್ಯಾಹ್ನ ಮೂರೂಕಾಲು. ಮೇಸ್ತ್ರಿಯ ಗಡಿಯಾರವನ್ನು ಆಗತಾನೇ ನೋಡಿದ್ದರಿಂದ ಆ ಹೊತ್ತು ನನಗೆ ಸರಿಯಾಗಿ ನೆನಪಿದೆ. ನೀರುಗಂಟಿ ಮುನಿಶಾಮಣ್ಣ ಮರಳು ದಿಬ್ಬದ ಮೇಲೆ ಸಮುದ್ರಕ್ಕೆ ಮುಖಮಾಡಿ ನಿಂತು, ಬಲಗಾಲಿನ ಹೆಬ್ಬೆರಳನ್ನು ಮರಳಿಗೆ ಒತ್ತಿ, ಕಣ್ಣು ಮುಚ್ಚಿಕೊಂಡಿದ್ದ. ಗಾಳಿಗೆ ಅವನ ತಲೆವಸ್ತ್ರ ಬಿಚ್ಚಿ ಹಾರಿಹೋಯಿತು. ಅವನು ಅದರ ಕಡೆ ನೋಡಲಿಲ್ಲ. ದಿಬ್ಬದ ಕೆಳಗೆ ನಮ್ಮೂರಿನ ಜನ ತಲೆಯೆತ್ತಿ ಅವನ ಬಾಯನ್ನೇ ನೋಡುತ್ತಿದ್ದರು.

"ಏರಿ ಗಟ್ಟಿಯಾಗ್ ಅದೆ" ಅಂದ. "ಯಾರೂ ಎಲ್ಲೂ ಹೋಗೋದ್ ಬ್ಯಾಡ."

ಆ ಗಳಿಗೆಯನ್ನು ಮನಸ್ಸಿನಲ್ಲಿ ಎಷ್ಟು ಸಲ ಮತ್ತೆ ನಡೆಸಿದ್ದೇನೋ ಗೊತ್ತಿಲ್ಲ. ಪ್ರತಿ ಸಲವೂ ಅವನ ಭುಜ ಹಿಡಿದು ಹಿಂದಕ್ಕೆ ತಿರುಗಿಸಲು ಹೋಗುತ್ತೇನೆ. ಪ್ರತಿ ಸಲವೂ ಅವನು ಸಮುದ್ರದ ಕಡೆಗೇ ನಿಂತಿರುತ್ತಾನೆ.

ನಮ್ಮದು ನಂದಗುಡಿಯ ಹತ್ತಿರದ ಊರು. ಕೆರೆಯ ಏರಿಯನ್ನು ಕಾಯುವುದು, ತೂಬು ಎತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು ಮುನಿಶಾಮಣ್ಣನ ಮನೆತನದ ಕೆಲಸ. ಮಳೆಗಾಲದಲ್ಲಿ ಅವನು ಬರಿಗಾಲಿನಲ್ಲಿ ಏರಿಯುದ್ದಕ್ಕೂ ನಡೆದು, ಅಲ್ಲಲ್ಲಿ ನಿಂತು ಹೆಬ್ಬೆರಳು ಒತ್ತುತ್ತಿದ್ದ. ಮಣ್ಣು ಎಲ್ಲಿ ಜಿನುಗುತ್ತಿದೆ, ಏಡಿ ಎಲ್ಲಿ ಬಿಲ ತೋಡಿದೆ ಎಂಬುದು ಅವನಿಗೆ ಬೆರಳಿನಲ್ಲೇ ತಿಳಿಯುತ್ತಿತ್ತು. ಕತ್ತಲಾಗುವ ಮುಂಚೆ ಏರಿಯ ನಡುವೆ ನಿಂತು ಊರಿನ ಕಡೆ ತಿರುಗಿ ಕೂಗುತ್ತಿದ್ದ: "ಏರಿ ಅದೆ, ಮನೀಕ್ಕಳ್ರಪ್ಪೋ!" ನಾನು ಚಿಕ್ಕವನಿದ್ದಾಗ ಆ ಕೂಗು ಕೇಳಿದ ಮೇಲೆಯೇ ನಮ್ಮಮ್ಮ ನನ್ನ ಹಾಸಿಗೆ ಬಿಡಿಸುತ್ತಿದ್ದಳು. ಬೆಂಗಳೂರಿಗೆ ಇಂಟರ್‌ಮೀಡಿಯೆಟ್ ಓದಲು ಹೋದ ಮೊದಲ ದಿನಗಳಲ್ಲಿ ನಿದ್ದೆ ಬಾರದೆ ಹೊರಳಾಡಿದಾಗ ಏನು ಕಡಿಮೆಯಾಗಿದೆ ಎಂದು ನನಗೆ ತಿಳಿದಿರಲಿಲ್ಲ.

ಯುದ್ಧದ ಕಾಲ. ಜಪಾನಿನವರು ಬಾಂಬು ಹಾಕುತ್ತಾರೆಂದು ಮದರಾಸಿನ ಜನ ಟ್ರಂಕು, ಹಾಸಿಗೆ ಸುತ್ತಿಕೊಂಡು ನಮ್ಮ ಸೀಮೆಗೆ ಬಂದಿಳಿಯುತ್ತಿದ್ದರು. ಹೊಸಕೋಟೆಯಲ್ಲಿ ಬಾಡಿಗೆಗೆ ಒಂದು ಕೋಣೆ ಸಿಗುತ್ತಿರಲಿಲ್ಲ. ಅವರು ಬಿಟ್ಟುಬಂದ ಕಡಲ ಕಡೆಗೆ ನಮ್ಮವರು ಹೊರಟರು. ಅಲ್ಲಿ, ಮದರಾಸಿಗೂ ಆಚೆಯ ತೆಲುಗು ಕರಾವಳಿಯಲ್ಲಿ, ದಂಡಿನ ರಸ್ತೆಗೆ ಕಲ್ಲು ಒಡೆಯಲು ಆಳುಗಳೇ ಇರಲಿಲ್ಲ. ಒಬ್ಬ ಕಂತ್ರಾಟುದಾರ ನಮ್ಮ ಹೋಬಳಿಯಿಂದ ಊರಿಗೆ ಊರನ್ನೇ ಎಬ್ಬಿಸಿದ. ನಾನು ಲೆಕ್ಕ ಬರೆಯುವ ರೈಟರಾಗಿ ಸೇರಿಕೊಂಡೆ. ಮುನಿಶಾಮಣ್ಣ ಬರುತ್ತಾನೆಂದು ಯಾರೂ ಅಂದುಕೊಂಡಿರಲಿಲ್ಲ. ಕೆರೆಯಲ್ಲಿ ನೀರಿತ್ತು. ಮಾಲೂರಿನ ಸ್ಟೇಷನ್ನಿನಲ್ಲಿ ಅವನನ್ನೂ ಹೆಂಡತಿ ಪಿಳ್ಳಮ್ಮನನ್ನೂ ನೋಡಿ, ಯಾಕಣ್ಣ ಹೊರಟೆ ಎಂದು ಕೇಳಿದೆ.

"ಊರೆಲ್ಲ ರೈಲ್ ಅತ್ತೈತೆ ರೈಟ್ರಪ್ಪ" ಅಂದ. "ಅಲ್ ನಿಂತ್ಕಂಡು ಯಾರ್ನ ಮನಿಗುಸ್ಲಿ?"

ಪಿಳ್ಳಮ್ಮ ಸೆರಗಿನಲ್ಲಿ ರಾಗಿ ಹಿಟ್ಟಿನ ಗಂಟನ್ನು ಬಿಗಿಯಾಗಿ ಹಿಡಿದುಕೊಂಡು, "ಇವ್ನ ಕೂಗಿಗೆ ನನಗೊಂದಿನ ನಿದ್ದೆ ಬಂದಿಲ್ಲ, ಊರ್‌ಗೆಲ್ಲಾ ಬತ್ತದಂತೆ" ಎಂದು ನಕ್ಕಳು.

ಸಮುದ್ರ ಕಂಡ ದಿನ ನಾವೆಲ್ಲ ದೂರಕ್ಕೆ ಕಣ್ಣು ನೆಟ್ಟು ನಿಂತಿದ್ದಾಗ ಮುನಿಶಾಮಣ್ಣ ಮಾತ್ರ ಕೆಳಗೆ ನೋಡುತ್ತಿದ್ದ. ದಂಡೆಯ ತುಂಬ ಏಡಿ ಬಿಲಗಳು. ಅವನು ಕೂತು, ಒದ್ದೆ ಮರಳನ್ನು ಉಂಡೆ ಕಟ್ಟಿ ಒಂದೊಂದನ್ನೇ ಮುಚ್ಚತೊಡಗಿದ. ಮುಚ್ಚಿದ ಪಕ್ಕದಲ್ಲೇ ಏಡಿ ಇನ್ನೊಂದು ತೋಡುತ್ತಿತ್ತು. ಒಣಮೀನು ಮಾರುವ ಮುದುಕಿ ಬುಟ್ಟಿ ಇಳಿಸಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನಿಗೆ ನಗು ಬರಲಿಲ್ಲ. "ಇಷ್ಟ್ ತೂತಿರೋ ಏರಿ, ಕೋಡೀನೂ ಇಲ್ಲ. ಯಾವನ್ಲಾ ಕಟ್ಟಿದ್ದು ಇದ್ನ?" ಎಂದು ನನ್ನನ್ನೇ ಗದರಿದ.

ದಡದುದ್ದಕ್ಕೂ ಎತ್ತರದ ಮರಳು ದಿಬ್ಬವಿತ್ತು. ಅವನು ಅದನ್ನು ಏರಿ ಎಂದ, ಎಲ್ಲರೂ ಏರಿ ಎಂದರು. ಊರಲ್ಲಿ ಏರಿಯ ಕೆಳಗೆ ಗದ್ದೆಗಳಿರುವ ಹಾಗೆ ಇಲ್ಲಿ ದಿಬ್ಬದ ಮರೆಯಲ್ಲಿ ತಾಳೆಗರಿಯ ಗುಡಿಸಲುಗಳು ಎದ್ದವು. ಗುಡಿಸಲುಗಳ ಹಿಂದೆ, ಮಂಡಿಯಾಳವೂ ಇಲ್ಲದ ಒಂದು ಉಪ್ಪುನೀರಿನ ಕಾಲುವೆ. ಅದು ದೂರದಲ್ಲೆಲ್ಲೋ ಸಮುದ್ರಕ್ಕೆ ಸೇರುತ್ತದೆಂದು ಕೇಳಿದ್ದೆವು. ಸಂಜೆಯಾದರೆ ದಿಬ್ಬದಿಂದ ಅದೇ ಕೂಗು. ಅಲೆಯ ಸದ್ದಿನಲ್ಲಿ ಅರ್ಧ ಮುಳುಗಿ ಬರುತ್ತಿತ್ತು. ನಮಗೆ ಅಷ್ಟೇ ಸಾಕಾಗಿತ್ತು. ಪರಸ್ಥಳದಲ್ಲಿ ನಾವು ನಿದ್ದೆ ಮಾಡಿದ್ದು ಅದನ್ನು ನಂಬಿಕೊಂಡು.

ಆ ಮಧ್ಯಾಹ್ನ ಬಿರುಗಾಳಿ ಎದ್ದು ಸಮುದ್ರ ಉಕ್ಕತೊಡಗಿತ್ತು. ಬೆಸ್ತರ ಕೇರಿಯವರು ಮಡಕೆ, ಬಲೆ ಹೊತ್ತುಕೊಂಡು ದಿನ್ನೆಯ ಮೇಲಿನ ಕಲ್ಲು ಛತ್ರದ ಕಡೆ ನಡೆಯುತ್ತಿದ್ದರು. ಒಣಮೀನಿನ ಮುದುಕಿ ನಮ್ಮಲ್ಲಿಗೆ ಬಂದು, ಇಲ್ಲಿರಬೇಡಿ ಎಂದು ತೆಲುಗಿನಲ್ಲಿ ಬೇಡಿಕೊಂಡಳು. ಅವಳ ಕೈ ಸಮುದ್ರದ ಕಡೆಗಿರಲಿಲ್ಲ, ಕಾಲುವೆಯ ಕಡೆಗಿತ್ತು. ಮುನಿಶಾಮಣ್ಣ ಅವಳನ್ನು ಸಮಾಧಾನ ಮಾಡಿದ. "ಅದು ಕಾಲ್ವೆ ಕಣಮ್ಮಾ. ತೂಬೆತ್ತಿದ್ರೆ ತಾನೆ ಕಾಲ್ವೆಗೆ ನೀರು?"

ಅವನು ಬದುಕಿನಲ್ಲಿ ಕಂಡಿದ್ದ ಕಾಲುವೆಗಳೆಲ್ಲ ಅವನ ಕೈಯಿಂದಲೇ ತುಂಬಿದ್ದವು.

ಊರಲ್ಲಿ ಕೆರೆ ತುಂಬಿ ತುಳುಕುವಾಗ ಮನೆಗೊಬ್ಬರು ಮಣ್ಣು ಹೊರುವ ಮಂಕರಿ ಹಿಡಿದು ಏರಿಗೆ ಹೋಗುವುದು ವಾಡಿಕೆ. ಹಾಗೆಯೇ ಹೋದೆವು. ಗಂಡಸರು, ಗಟ್ಟಿಮುಟ್ಟಾದ ಹೆಂಗಸರು ಎಲ್ಲರೂ ದಿಬ್ಬದ ಮೇಲೆ ಮರಳು ಸುರಿದು, ತಾಳೆಗರಿ ತುರುಕಿ, ಸಮುದ್ರಕ್ಕೆ ಎದೆಕೊಟ್ಟು ನಿಂತೆವು. ಪಿಳ್ಳಮ್ಮನೂ ಮಂಕರಿ ಎತ್ತಿಕೊಂಡಳು. ಮುನಿಶಾಮಣ್ಣನೇ ಅವಳನ್ನು ಕೆಳಗೆ ಗುಡಿಸಲಿಗೆ ಕಳಿಸಿದ. ಏರಿ ಕೆಳಗಿರೋರಿಗೆ ಏನಾಗ್ತದೆ, ಹೋಗಿ ಇವರಿಗೆಲ್ಲ ಒಂದಿಷ್ಟು ಹಿಟ್ಟು ಬೇಯಿಸು ಅಂದ. ದಿಬ್ಬ ನಿಂತಿತು. ಅಲೆ ಎಷ್ಟು ಬಡಿದರೂ ನಿಂತಿತು. ನಾವು ಗೆದ್ದೆವೆಂದೇ ಅಂದುಕೊಂಡಿದ್ದಾಗ ಬೆನ್ನ ಹಿಂದೆ ಸದ್ದು ಕೇಳಿಸಿತು. ತಿರುಗಿದರೆ ಗುಡಿಸಲುಗಳಿರಲಿಲ್ಲ. ಕಾಲುವೆ ದಿಬ್ಬದ ಬುಡದವರೆಗೂ ಬಂದಿತ್ತು, ಸದ್ದಿಲ್ಲದೆ ಬಂದು ಎಲ್ಲವನ್ನೂ ಎತ್ತಿಕೊಂಡ ಮೇಲೆ ಸದ್ದು ಮಾಡಿತ್ತು. ಗರಿಯ ಚಾವಣಿಯೊಂದು ತಿರುಗುತ್ತಾ ತೇಲಿಹೋಯಿತು. ಮುನಿಶಾಮಣ್ಣ ನೀರಿಗೆ ಹಾರಿದ. ಇಬ್ಬರು ಅವನ ಸೊಂಟ ಹಿಡಿದು ಮೇಲಕ್ಕೆಳೆದರು. ಮಾರನೆಯ ದಿನ ಬೆಸ್ತರು ದೋಣಿಯಲ್ಲಿ ಹುಡುಕಿದರು. ಕೆಳಗೆ ಉಳಿದಿದ್ದವರಲ್ಲಿ ಕೆಲವರ ಹೆಣಗಳು ಸಿಕ್ಕವು. ಪಿಳ್ಳಮ್ಮ ಸಿಗಲಿಲ್ಲ.

ಯಾರೂ ಅವನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೇನೋ. ಎಲ್ಲರೂ ಊರಿಗೆ ಹೊರಟ ದಿನ ಕರೆಯಲು ಹೋದೆ. ಅವನು ಅದೇ ದಿಬ್ಬದ ಮೇಲೆ ಕೂತಿದ್ದ, ಸಮುದ್ರಕ್ಕೆ ಬೆನ್ನು ಕೊಟ್ಟು, ಕಾಲುವೆಯನ್ನು ನೋಡುತ್ತಾ. ಹೆಬ್ಬೆರಳು ಮರಳಿನಲ್ಲಿತ್ತು. ಒಣಮೀನಿನ ಮುದುಕಿ ತಂದಿಟ್ಟಿದ್ದ ಗಂಜಿ ಪಕ್ಕದಲ್ಲೇ ಆರುತ್ತಿತ್ತು. ಬಂಡಿ ಕಾಯುತ್ತಿದೆ ಅಂದೆ. ಊರ ಕೆರೆಯನ್ನು ಯಾರು ನೋಡಿಕೊಳ್ಳುತ್ತಾರೆ ಅಂದೆ. ಅವನು ನನ್ನ ಕಡೆ ತಿರುಗಿದ.

"ಅವಳಿಲ್ಲೇ ಅವಳೆ. ನಾನೆಂಗ್ ಬರ್ಲಿ? ನೀವ್ ಓಗಿ ಬುದ್ಧಿ."

ಅದುವರೆಗೆ ಅವನು ನನ್ನನ್ನು ಬುದ್ಧಿ ಎಂದು ಕರೆದಿರಲಿಲ್ಲ. ನಾನು ಅವನಿಗೆ ರೈಟ್ರಪ್ಪ. ಯಾರೋ ಪರವೂರಿನವನಿಗೆ ಹೇಳುವಂತೆ ಹೇಳಿ ಮತ್ತೆ ಕಾಲುವೆಗೆ ತಿರುಗಿದ.

ಊರಿಗೆ ಬಂದ ಮೇಲೆ ನನ್ನ ನಿದ್ದೆ ಕೆಟ್ಟಿತು. ಮಳೆಯ ಮೊದಲ ಹನಿಗೆ ಎದ್ದು ಕೂರುತ್ತಿದ್ದೆ. ದೀಪ ಹಿಡಿದು ನೋಡುತ್ತಿದ್ದುದು ಕೆರೆಯ ಕಡೆಯನ್ನಲ್ಲ, ಹಿತ್ತಿಲನ್ನು. ಹಿತ್ತಿಲಲ್ಲಿ ಹುಣಸೆಮರ, ತಿಪ್ಪೆ, ಕಟ್ಟಿದ ಎಮ್ಮೆ. ಮಲಗಿದರೆ ಮತ್ತೆ ಮೂರೂಕಾಲು.

ಏರಿ ಬಹಳ ದಿನ ಹಾಗೇ ಬಿದ್ದಿತ್ತು. ಕೊನೆಗೆ ಮುನಿಶಾಮಣ್ಣನ ತಮ್ಮ ಚಿಕ್ಕಮುನಿಯನಿಗೆ ನೀರುಗಂಟಿಕೆ ವಹಿಸಿದರು. ಅದೊಂದು ಶನಿವಾರ, ಶ್ರಾವಣ. ಸಂಜೆ ಜಗಲಿಯಲ್ಲಿ ಕೂತಿದ್ದೆ. ಏರಿಯ ನಡುವಿನಿಂದ ಅದೇ ಮಾತು, ಅದೇ ಎಳೆತ, ಸ್ವಲ್ಪ ಎಳೆಯ ಗಂಟಲಿನಲ್ಲಿ ಕೇಳಿಸಿತು. ಏರಿ ಅದೆ, ಮನೀಕ್ಕಳ್ರಪ್ಪೋ. ಬೀದಿಯಲ್ಲಿ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು.

ಭಾನುವಾರ ನಾನು ಕಣ್ಣು ಬಿಟ್ಟಾಗ ಬಿಸಿಲು ಹೊಸ್ತಿಲು ದಾಟಿ ಚಾಪೆಯವರೆಗೆ ಬಂದಿತ್ತು. ನಮ್ಮಮ್ಮ ಎಬ್ಬಿಸದೆ, ಸದ್ದಾಗದಂತೆ ಪಾತ್ರೆ ಎತ್ತಿಡುತ್ತಿದ್ದಳು. ಹಾಗೇ ಮಲಗಿ ತೊಲೆ ನೋಡುತ್ತಿದ್ದೆ. ಏರಿ ಅದೆ, ಮನೀಕೊ ಎಂದು ಮುನಿಶಾಮಣ್ಣನಿಗೆ ಕೂಗಿ ಹೇಳುವವರು ಆ ದಂಡೆಯಲ್ಲಿ ಯಾರಿದ್ದಾರೆ?