ಸಂಜೆ ಹೈಸ್ಕೂಲಿನ ಪಕ್ಕದ ಕೋಣೆ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಯಂತ್ರಗಳು ಬೆಳಗಿನಿಂದ ಸಂಜೆಯವರೆಗೆ ಗುಡುಗುಡು ಎನ್ನುತ್ತಿದ್ದವು. ಅಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದವಳು ಆ ಸದ್ದನ್ನು ಮೀರಿ ಮಾತಾಡಿ ಮಾತಾಡಿ ಗಂಟಲು ದೊಡ್ಡದು ಮಾಡಿಕೊಂಡಿದ್ದಳು. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಮೈಕಕ್ಕ.

ಮೇಲ್ವಿಚಾರಕಿಯ ಜಾಗ ಖಾಲಿಯಾದಾಗ ಮೈಕಕ್ಕ ಆಸೆಪಟ್ಟು ಕೇಳಿದಳು. ಹತ್ತನೇ ತರಗತಿ ಪಾಸಾಗಿರಬೇಕು ಎಂದರು. ಅಮ್ಮ ಹಾಸಿಗೆ ಹಿಡಿದಾಗ ತಮ್ಮಂದಿರನ್ನು ನೋಡಿಕೊಳ್ಳಲು ಎಂಟನೇ ತರಗತಿಗೇ ಶಾಲೆ ಬಿಟ್ಟವಳು ಅವಳು. ಆ ವಾರವೇ ಹೋಗಿ ಪುರಸಭೆಯ ಸಂಜೆ ಹೈಸ್ಕೂಲಿಗೆ ಸೇರಿದಳು.

ಮೊದಮೊದಲು ತರಗತಿ ತುಂಬಿತ್ತು. ಬರಬರುತ್ತ ಬೆಂಚುಗಳು ಖಾಲಿಯಾದವು. ಮೈಕಕ್ಕ ಸುಮ್ಮನಿರಲಿಲ್ಲ, ಬಿಟ್ಟವರ ಮನೆಮನೆಗೆ ಹೋಗಿ ವಿಚಾರಿಸಿದಳು. ಎಲ್ಲ ಕಡೆಯೂ ಒಂದೇ ಉತ್ತರ: "ಮಗೂನ ಯಾರ ಹತ್ರ ಬಿಟ್ಟು ಬರ್ಲಿ ಅಕ್ಕ?"

ಮನೆಗೆ ಬಂದವಳೇ ಅತ್ತೆಯ ಪಕ್ಕ ಕೂತಳು. "ಅತ್ತೆ, ನಾಳೆಯಿಂದ ನೀವೂ ಸ್ಕೂಲಿಗೆ ಬನ್ನಿ."

"ಹಲ್ಲು ಉದುರಿದ ಮೇಲೆ ನನಗೆ ಅ ಆ ಇ ಈ ಕಲಿಸ್ತೀಯೇನೇ?"

"ಓದೋಕಲ್ಲ. ಪಕ್ಕದ ಕೋಣೇಲಿ ಮಕ್ಕಳನ್ನ ನೋಡ್ಕೊಳ್ಳೋಕೆ."

"ಐದು ಹೆತ್ತು ಸಾಕಾಯ್ತು ಅಂತ ಕೂತಿದ್ದೆ. ಈಗ ಊರ ಮಕ್ಕಳನ್ನೆಲ್ಲ ನನ್ನ ತಲೆಗೆ ಕಟ್ತೀಯ" ಎಂದು ಗೊಣಗಿದರೂ ಅತ್ತೆ ಮರುದಿನ ಸೊಸೆಗಿಂತ ಮೊದಲೇ ಚಪ್ಪಲಿ ಮೆಟ್ಟಿ ನಿಂತಿದ್ದರು. ಅವರು ಹುಬ್ಬು ಗಂಟಿಕ್ಕಿದರೆ ಎಂಥ ತುಂಟನೂ ತೆಪ್ಪಗಾಗುತ್ತಿದ್ದ. ಬೆಂಚುಗಳು ಮತ್ತೆ ತುಂಬಿದವು.

ಅಷ್ಟರಲ್ಲಿ ಮೇಷ್ಟ್ರು ಸಪ್ಪೆ ಮೋರೆ ಹಾಕಿಕೊಂಡು ಬಂದರು. ಹಾಜರಾತಿ ಕಡಿಮೆಯಿದ್ದ ತಿಂಗಳುಗಳನ್ನು ನೋಡಿ ಪುರಸಭೆ ಮುಂದಿನ ವರ್ಷದ ಅನುದಾನ ನಿಲ್ಲಿಸಲು ಹೊರಟಿತ್ತು.

ಬಜೆಟ್ ಸಭೆಯ ದಿನ ಮೈಕಕ್ಕ ಅರ್ಧ ದಿನ ರಜೆ ಹಾಕಿ, ಹೆಂಗಸರನ್ನೂ ಕಂಕುಳ ಕೂಸುಗಳನ್ನೂ ಕಟ್ಟಿಕೊಂಡು ಸಭಾಂಗಣಕ್ಕೆ ನಡೆದಳು.

ಸದಸ್ಯರೊಬ್ಬರು ಕೇಳಿದರು: "ಸಹಿ ಹಾಕೋಕೆ ಬಂದ್ರೆ ಸಾಲದೇನಮ್ಮ? ಈ ವಯಸ್ಸಲ್ಲಿ ಹೈಸ್ಕೂಲ್ ಯಾಕೆ? ಆ ದುಡ್ಡಲ್ಲಿ ನಿಮ್ಮ ಬೀದಿಗೇ ದೀಪ ಹಾಕಿಸಬಹುದು."

"ದೀಪ ಹಾಕ್ಸಿ ಸರ್, ಬೇಡ ಅನ್ನಲ್ಲ. ಆದ್ರೆ ನಾನು ಎಂಟಕ್ಕೇ ಶಾಲೆ ಬಿಟ್ಟೆ. ಒಂಬತ್ತು, ಹತ್ತನೇ ಕ್ಲಾಸಲ್ಲಿ ಸರ್ಕಾರ ನನಗೆ ಅಂತ ಮಾಡಬೇಕಿದ್ದ ಖರ್ಚು ಮಾಡಲೇ ಇಲ್ಲ. ಅದನ್ನೇ ಈಗ ಕೇಳ್ತಿದ್ದೀನಿ. ದಾನ ಕೇಳ್ತಿಲ್ಲ."

ಅಧ್ಯಕ್ಷೆ ಕನ್ನಡಕ ತೆಗೆದು ಅವಳನ್ನೇ ನೋಡಿದರು.

"ಇನ್ನೊಂದು ವಿಷಯ ಮೇಡಂ. ಮಕ್ಕಳನ್ನ ನೋಡ್ಕೊಳ್ಳೋರಿಗೂ ಸಂಬಳ ಬೇಕು. ಅವರಿಲ್ಲದಿದ್ರೆ ಕ್ಲಾಸೇ ಇಲ್ಲ."

"ಇರೋದನ್ನ ಉಳಿಸ್ಕೊಳ್ಳೋಕೆ ಬಂದು ಮೇಲಿಂದ ಇನ್ನೂ ಕೇಳ್ತೀರಲ್ಲಮ್ಮ?" ಎಂದರು ಅಧ್ಯಕ್ಷೆ.

"ಬಂದಿದ್ದೇ ಬಂದಿದ್ದೀವಿ, ಪೂರ್ತಿ ಕೇಳಿ ಹೋಗೋಣ ಅಂತ."

ಅಧ್ಯಕ್ಷೆಗೆ ನಗು ತಡೆಯಲಾಗಲಿಲ್ಲ. ಅನುದಾನ ಒಂದು ವರ್ಷಕ್ಕೆ ಮುಂದುವರಿಯಿತು. ಸಂಬಳದ ಮಾತು ಮಾತ್ರ ಕುಂಟುತ್ತ ಸಾಗಿತು. ಮೈಕಕ್ಕ ಕೆಲಸದಿಂದ ಬರುವ ದಾರಿಯಲ್ಲಿ ಪುರಸಭೆಯ ಮೆಟ್ಟಿಲು ಹತ್ತಿಳಿದು ಹತ್ತಿಳಿದು ಅದನ್ನೂ ಮಂಜೂರು ಮಾಡಿಸಿದಳು. ಜೀವಮಾನದಲ್ಲೇ ಮೊದಲ ಸಂಬಳ ಪಡೆದ ಅತ್ತೆ ಮಾರನೆಯ ದಿನ ಮಗನಿಗೆ ಹೇಳಿದರು: "ಸಂಜೆ ಕಾಫಿ ನೀನೇ ಮಾಡ್ಕೋ. ನನಗೆ ಡ್ಯೂಟಿ ಇದೆ."

ಪರೀಕ್ಷೆಯಲ್ಲಿ ಗಣಿತ ಕೈಕೊಟ್ಟಿತು. ಫಲಿತಾಂಶ ಬಂದ ದಿನ ಮೈಕಕ್ಕ ಇಸ್ತ್ರಿ ಯಂತ್ರದ ಹಬೆಗೆ ಮುಖ ಮರೆಸಿಕೊಂಡು ಅತ್ತಳು. ಮರುದಿನ ಸಂಜೆ ಮೊದಲ ಬೆಂಚಿನಲ್ಲೇ ಕೂತು, "ಮೇಷ್ಟ್ರೇ, ಬೀಜಗಣಿತ ಮೊದಲಿಂದ ಹೇಳ್ಕೊಡಿ" ಎಂದಳು. ಮರುಪರೀಕ್ಷೆಯಲ್ಲಿ ಪಾಸಾದಳು.

ಅಷ್ಟರಲ್ಲಿ ಮೇಲ್ವಿಚಾರಕಿಯ ಜಾಗ ಬೇರೆಯವರ ಪಾಲಾಗಿತ್ತು. ಹೊಟ್ಟೆ ಉರಿಯಿತು, ಸುಳ್ಳಲ್ಲ. ಆದರೆ ಊರಾಚೆ ಹೊಸ ಹೆರಿಗೆ ಆಸ್ಪತ್ರೆ ಶುರುವಾಗುತ್ತಿದೆ ಎಂದು ಕಿವಿಗೆ ಬಿದ್ದದ್ದೇ ತಡ, ಅಲ್ಲಿನ ಮೇಲ್ವಿಚಾರಕಿ ಕೆಲಸಕ್ಕೆ ಅರ್ಜಿ ಹಾಕಿದಳು. ಸಂದರ್ಶನದಲ್ಲಿ ಅಧಿಕಾರಿ ಅಂಕಪಟ್ಟಿ ನೋಡಿ, "ಈಗಷ್ಟೇ ಪಾಸಾಗಿದ್ದೀರಾ?" ಎಂದು ಹುಬ್ಬೇರಿಸಿದರು.

"ಹೌದು ಸರ್" ಎಂದಳು ಮೈಕಕ್ಕ. "ಇನ್ನೂ ಬಿಸಿ ಆರಿಲ್ಲ."

ಕೆಲಸ ಸಿಕ್ಕಿತು.