ಗಗನಯಾತ್ರಿಗೆ ನಾನು ದುಭಾಷಿ

ಸೌದಿಯ ಜುಬೈಲ್‌ನ ನಮ್ಮ ಕಾರ್ಖಾನೆಯಲ್ಲಿ ಸುರಕ್ಷತಾ ಸಪ್ತಾಹವೆಂದರೆ ದೊಡ್ಡವರಿಗೆ ಬಿರಿಯಾನಿ, ಕೆಲಸದವರಿಗೆ ಭಾಷಣ. ಆ ಸಲ ಭಾಷಣಕ್ಕೆ ಒಬ್ಬ ಗಗನಯಾತ್ರಿಯನ್ನೇ ಕರೆಸಿದ್ದರು. ಮನುಷ್ಯರು ಬಾಹ್ಯಾಕಾಶಕ್ಕೆ ಹೋಗಲು ಶುರುಮಾಡಿದ ಮೊದಮೊದಲ ಕಾಲದವರು, ತೊಂಬತ್ತರ ಹತ್ತಿರದ ಮುದುಕ. ಅವರ ಇಂಗ್ಲಿಷನ್ನು ಹಿಂದಿಗೆ ತಿರುಗಿಸುವ ಕೆಲಸ ನನ್ನದು. ನಾನು ಆಫೀಸಿನ ಗುಮಾಸ್ತ. ನಾಲ್ಕು ಭಾಷೆ ಬರುತ್ತದೆಂಬ ಒಂದೇ ತಪ್ಪಿಗೆ ಎಲ್ಲದಕ್ಕೂ ನನ್ನನ್ನು ಎಳೆಯುತ್ತಿದ್ದರು.

"ಮೇಲೆ ಹೋಗಿ ವಾಪಸ್ ಬಂದವರಂತೆ ಮಾರಾಯ! ನಮ್ಮಲ್ಲಿ ಮೇಲೆ ಹೋದವರು ಬರುವುದುಂಟಾ?" ಎಂದು ಕ್ಯಾಂಪಿನ ಬಸ್ಸಿನಲ್ಲಿ ಯಾರೋ ನಗಿಸಿದರು. ನನಗೆ ನಗು ಬರಲಿಲ್ಲ. ಎರಡು ತಿಂಗಳ ಹಿಂದಷ್ಟೇ ನನ್ನ ರೂಮಿನ ಗೆಳೆಯ ಟ್ಯಾಂಕಿನೊಳಗೆ ಸತ್ತಿದ್ದ.

ಖಾಲಿ ಟ್ಯಾಂಕು ಉಜ್ಜಲು ಒಬ್ಬ ಗಾಳಿಯ ಪೈಪು ಸಿಕ್ಕಿಸಿದ ಮಾಸ್ಕ್ ಹಾಕಿಕೊಂಡು ಇಳಿಯಬೇಕು. ಅವನು ಹೊರಬರುವ ತನಕ ಇನ್ನೊಬ್ಬ ಮೇಲೆ ಕಿಂಡಿಯ ಬಳಿ ಕಾವಲು ಕೂರಬೇಕು, ಅಲ್ಲಿಂದ ಕದಲಬಾರದು. ಅಂದು ಇಳಿದ ನನ್ನ ಗೆಳೆಯ, ಕಾವಲು ಕೂತ ಹುಡುಗ, ಇಬ್ಬರೂ ನಮ್ಮ ಉಡುಪಿ ಕಡೆಯವರೇ. ವಿಚಾರಣೆಯಲ್ಲಿ ಕಾವಲಿನ ಹುಡುಗನ ಕನ್ನಡವನ್ನು ನಾನೇ ಇಂಗ್ಲಿಷಿಗೆ ಇಳಿಸಿದೆ. ಫೋರ್‌ಮನ್ ಎದುರಿಗೇ ಕೂತಿದ್ದ. ಹುಡುಗ ತಲೆ ಎತ್ತದೆ ಹೇಳಿದ್ದು ಇಷ್ಟೇ: "ಅವ ಒಳಗಿಂದ ಎಂತದೋ ಕೂಗಿದ. ಸರಿ ಕೇಳ್ಲಿಲ್ಲ. ನಾನು 'ಬರ್ತೇನೆ' ಅಂದೆ. ಮತ್ತೆ ನೋಡುವಾಗ ಬಿದ್ದಿದ್ದ."

ನಾನು ಬರೆದೆ: ಕಾವಲಿನವನು "ನಿನ್ನ ಬಳಿಗೆ ಬರುತ್ತಿದ್ದೇನೆ" ಎಂದು ಕೂಗಿ ಹೇಳಿದನು.

ಸಹಿ ಹಾಕಿ, ಬಾಗಿಲ ಬಳಿ ಹೋಗಿ, ಹುಡುಗ ನನ್ನ ಕಡೆ ತಿರುಗಿದ. "ಬರ್ತೇನೆ ಅಣ್ಣ" ಎಂದು ಹೊರಟೇಹೋದ.

ಆಗಲೇ ನನಗೆ ಹೊಳೆದದ್ದು. ನಮ್ಮಲ್ಲಿ ಹೊರಡುವವರು ಯಾರಾದರೂ 'ಹೋಗ್ತೇನೆ' ಅನ್ನುತ್ತಾರೆಯೇ? ಓಡಿಹೋಗಿ ಅವನನ್ನು ಹಿಡಿದು ಕೇಳಿದೆ. "ಫೋರ್‌ಮನ್ ಬೇರೆ ಕೆಲಸಕ್ಕೆ ಯಲ್ಲಾ ಯಲ್ಲಾ, ಬೇಗ ಬಾ ಅಂತ ಕರೆದ ಅಣ್ಣ. ಹೋಗದಿದ್ರೆ ಬಿಡ್ತಾನಾ?" ಎಂದು ಅತ್ತ. ಗಾಳಿ ನಿಂತು ಕೂಗಿದವನು ಆ 'ಬರ್ತೇನೆ' ಕೇಳಿ, ಈಗ ಬರುತ್ತಾನೆ, ಈಗ ಬರುತ್ತಾನೆ ಎಂದು ಕಾದಿರಬೇಕು. ಮ್ಯಾನೇಜರನ ಬಳಿ ಹೋಗಿ ಒಂದು ಮಾತು ತಿದ್ದಬೇಕು ಎಂದೆ. "ಖಲಾಸ್, ಫೈಲು ಮುಗಿಯಿತು" ಎಂದ. ನೆರವು ಬರುತ್ತಿರುವುದು ಗೊತ್ತಿದ್ದೂ ಕೆಲಸಗಾರ ಕಾಯದೆ ತಾನೇ ಮಾಸ್ಕ್ ಕಿತ್ತುಕೊಂಡ ಎಂಬ ವರದಿ ಊರಿಗೂ ಹೋಯಿತು. ಅವನ ಹೆಂಡತಿ ಫೋನಿನಲ್ಲಿ ಪ್ರತಿ ಸಲ ಅದೊಂದನ್ನೇ ಕೇಳುತ್ತಿದ್ದಳು: "ಅವರು ಯಾಕೆ ಕಾಯ್ಲಿಲ್ಲ ಅಣ್ಣ?" ನಾನು ಏನೇನೋ ಹೇಳಿ ಜಾರಿಕೊಳ್ಳುತ್ತಿದ್ದೆ.

ಗಗನಯಾತ್ರಿ ಚೆನ್ನಾಗಿಯೇ ಮಾತಾಡಿದರು. ಯುದ್ಧವಿಮಾನ ಹಾರಿಸುತ್ತಿದ್ದದ್ದು, ವೈದ್ಯರು ಮೈಯ ಒಂದು ತೂತನ್ನೂ ಬಿಡದೆ ಪರೀಕ್ಷಿಸಿದ್ದು, ಕಾಲು ಚಾಚಲೂ ಆಗದ ಡಬ್ಬಿಯೊಳಗೆ ಕೂರಿಸಿ ಹೊರಗಿನಿಂದ ಬೋಲ್ಟು ಬಿಗಿದದ್ದು. ಹಾರಿದ್ದು ಒಂದೇ ಸಲವಂತೆ. ಮಿಕ್ಕ ಆಯುಷ್ಯವೆಲ್ಲ ಅದರ ಬಗ್ಗೆ ಭಾಷಣ ಮಾಡುವುದರಲ್ಲೇ ಹೋಯಿತು ಎಂದು ನಕ್ಕರು. ಕೆಳಗೆ ನೆಲದ ಮೇಲೆ ಒಂದು ಹೊತ್ತಿಗೆ ಒಬ್ಬನೇ ತನ್ನ ಜೊತೆ ರೇಡಿಯೋದಲ್ಲಿ ಮಾತಾಡುತ್ತಿದ್ದ, ಆ ದನಿ ಇದ್ದದ್ದರಿಂದಲೇ ತನಗೆ ಹೆದರಿಕೆಯಾಗಲಿಲ್ಲ ಎಂದರು.

ಆಮೇಲೆ ಪ್ರಶ್ನೆಗಳು. ಆಫೀಸಿನವರೇ ಬರೆದುಕೊಟ್ಟ ಚೀಟಿ ನನ್ನ ಕೈಯಲ್ಲಿತ್ತು: ಆಕಾಶದಲ್ಲಿ ಊಟ ಹೇಗೆ, ನಿದ್ದೆ ಹೇಗೆ. ಅದನ್ನು ಮಡಚಿ ಜೇಬಿಗೆ ಹಾಕಿ ನನ್ನದೇ ಪ್ರಶ್ನೆ ಕೇಳಿದೆ. "ಆ ಮನುಷ್ಯ ನಡುವೆ ಎದ್ದು ಹೋಗಬೇಕಾದರೆ ನಿಮಗೆ ಏನು ಹೇಳುತ್ತಿದ್ದ?"

ಮುದುಕರು ನನ್ನನ್ನೇ ನೋಡಿದರು. "ಹೋಗುತ್ತಿದ್ದೇನೆ ಎಂದೇ ಹೇಳುತ್ತಿದ್ದ. ಇನ್ನೊಬ್ಬ ಬಂದು ಕೂತು 'ನಾನಿದ್ದೇನೆ' ಅನ್ನುವ ತನಕ ಕುರ್ಚಿ ಬಿಡುತ್ತಿರಲಿಲ್ಲ."

ಇದನ್ನು ಹಿಂದಿಯಲ್ಲಿ ಹೇಳಿ ಮುಗಿಸಿದ ಮೇಲೂ ಮೈಕು ನನ್ನ ಕೈಯಲ್ಲೇ ಇತ್ತು. ಬಾಯಿಗೆ ಕನ್ನಡ ಬಂತು. "ನಮ್ಮವ ಕಾದಿದ್ದ. ಕಾವಲಿನವನನ್ನು ಫೋರ್‌ಮನ್ ಕರೆದುಕೊಂಡು ಹೋದ. 'ಬರ್ತೇನೆ' ಅಂದದ್ದು ಹೋಗಲಿಕ್ಕೆ. ತಪ್ಪು ಬರೆದವ ನಾನು."

ಐದನೇ ಸಾಲಿನಲ್ಲಿ ಕೂತಿದ್ದ ನಮ್ಮ ಕಡೆಯ ಏಳೆಂಟು ಜನ ನೆಲ ನೋಡಿದರು. ಕಾವಲಿನ ಹುಡುಗ ಎದ್ದು, ಯಾರಿಗೂ ಏನೂ ಹೇಳದೆ ಹೊರಟುಹೋದ. ಮುಂದಿನ ಸೋಫಾಗಳಲ್ಲಿದ್ದ ಸಾಹೇಬರುಗಳಿಗೆ ಒಂದಕ್ಷರವೂ ತಿಳಿಯಲಿಲ್ಲ. ಮ್ಯಾನೇಜರ್ ಚಪ್ಪಾಳೆ ತಟ್ಟಿದ, ಫೋರ್‌ಮನ್ ಅವನಿಗಿಂತ ಜೋರಾಗಿ ತಟ್ಟಿದ.

ಮುದುಕರು ಮಾತ್ರ ತಟ್ಟಲಿಲ್ಲ. ನನ್ನ ಮುಖ ನೋಡಿ ಏನೋ ಅನ್ನಿಸಿರಬೇಕು. ಬಗ್ಗಿ ಮೆಲ್ಲಗೆ, "ಈಗ ಅವರಿಗೆ ಏನು ಹೇಳಿದಿರಿ?" ಎಂದು ಕೇಳಿದರು. ಮೈಕು ಇನ್ನೂ ಆನ್ ಇತ್ತು, ಸಭೆಗೆಲ್ಲ ಕೇಳಿಸಿತು. ಮ್ಯಾನೇಜರ್ ತಲೆ ಎತ್ತಿದ. ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ಹೇಳಿದ್ದರೆ ಸಾಕಿತ್ತು. ಮುಂದಿನ ತಿಂಗಳು ನನ್ನ ಇಕಾಮಾ, ಅಂದರೆ ಈ ದೇಶದಲ್ಲಿರುವ ಪರವಾನಗಿಯ ನವೀಕರಣವಿತ್ತು. ಅದಕ್ಕೆ ಸಹಿ ಬೀಳಬೇಕಾದದ್ದು ಅದೇ ಮ್ಯಾನೇಜರನದು.

"ನಿಮಗೆ ಎಲ್ಲರ ಪರವಾಗಿ ಧನ್ಯವಾದ ಹೇಳಿದೆ, ಸರ್" ಎಂದೆ.

ಮೊದಲ ಸಲ ತಪ್ಪಾಗಿ ಭಾಷಾಂತರಿಸಿದಾಗ ನನಗೆ ಗೊತ್ತಿರಲಿಲ್ಲ.